ಹನ್ನೆರಡನೆಯ ಕಾರ್ಡು

ಇಷ್ಟಕ್ಕೆಲ್ಲ ಮೂಲ ಅಂಗೈಯಗಲದ ಒಂದು ಹಳದಿ ಕಾರ್ಡು.

ಮೂರು ತಿಂಗಳ ಹಿಂದೆ ಆ ದೊಡ್ಡಾಸ್ಪತ್ರೆಯ ಆಡಳಿತದವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಆಪರೇಷನ್ ಕಲಿಯುವವರಿಗೂ ಕಲಿಸುವವರಿಗೂ ಮಧ್ಯೆ ಮಾತುಕತೆಯೇ ಇಲ್ಲ. ಕಲಿಯುವವನಿಗೆ ಏನು ಬೇಕೆಂದು ಕಲಿಸುವವರಿಗೆ ತಿಳಿಯದು, ಕಲಿಸುವವರ ಮನಸ್ಸಿನಲ್ಲಿ ಏನಿದೆಯೋ ಆ ದೇವರಿಗೂ ತಿಳಿಯದು. ಆದ್ದರಿಂದ ಇನ್ನು ಮೇಲೆ ಪ್ರತಿ ಆಪರೇಷನ್ ದಿನ ಕಲಿಯುವವನು ‘ಇವತ್ತಿನ ನನ್ನ ಗುರಿ’ ಎಂದು ಹಳದಿ ಕಾರ್ಡಿನಲ್ಲಿ ಬರೆದು ಗುರುಗಳಿಗೆ ತೋರಿಸಬೇಕು. ಕೆಲಸ ಮುಗಿದ ಮೇಲೆ ಗುರುಗಳು ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಗುರುತು ಹಾಕಿ ಸಹಿ ಮಾಡಬೇಕು. ಇಷ್ಟೇ. ಆದರೆ ಇಷ್ಟೇ ಎನ್ನುವುದನ್ನು ಅಷ್ಟುದ್ದ ಮಾಡಿಕೊಳ್ಳುವ ವಿದ್ಯೆ ನಮ್ಮ ನಾಯಕನಿಗೆ ಹುಟ್ಟಿನಿಂದಲೇ ಬಂದಿತ್ತು.

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಕೊಕ್ಕೆ ಡಾಕ್ಟ್ರು ಎನ್ನುತ್ತಿದ್ದರು. ಆಪರೇಷನ್ ನಡೆಯುವಾಗ ಕೊಯ್ದ ಜಾಗದ ಅಂಚುಗಳನ್ನು ಉಕ್ಕಿನ ಕೊಕ್ಕೆಯಿಂದ ಅಗಲಿಸಿ ಹಿಡಿಯಲು ಒಬ್ಬರು ಬೇಕು. ಹೊಸದಾಗಿ ಬಂದವರೆಲ್ಲ ಕೆಲವು ತಿಂಗಳು ಅದನ್ನು ಹಿಡಿಯುತ್ತಾರೆ, ಆಮೇಲೆ ನಿಧಾನವಾಗಿ ಚಾಕುವಿಗೆ ಬರುತ್ತಾರೆ. ಇವನು ಮೂರನೆಯ ವರ್ಷದಲ್ಲೂ ಕೊಕ್ಕೆಯಲ್ಲೇ ಇದ್ದ. ನಡುನಡುವೆ ಒಂದು ಗಂಟು ಹಾಕುವುದು, ಒಂದು ದಾರ ಕತ್ತರಿಸುವುದು ಸಿಕ್ಕಿತ್ತು, ಅದು ಲೆಕ್ಕಕ್ಕಿಲ್ಲ. ಮೊದಲ ಗೀರಿನಿಂದ ಕೊನೆಯ ಹೊಲಿಗೆಯವರೆಗೆ ‘ಇದು ನಾನು ಮಾಡಿದ್ದು’ ಎನ್ನುವಂಥ ಒಂದೇ ಒಂದು ಆಪರೇಷನ್ ಬೇಕು ಎಂಬುದು ಅವನ ಆಸೆ. ಆಸೆಯೆಂದರೆ ಅಂತಿಂಥ ಆಸೆಯಲ್ಲ. ಮನೆಯ ಕಿಟಕಿಯ ಸರಳು, ಕುರ್ಚಿಯ ಕಾಲು, ಅಮ್ಮನ ಕೈಚೀಲದ ಹಿಡಿ, ಎಲ್ಲದರ ಮೇಲೂ ಅವನು ಅಭ್ಯಾಸಕ್ಕೆ ಹಾಕಿದ ಗಂಟುಗಳಿದ್ದವು. ಬಸ್ಸಿನಲ್ಲಿ ಯಾರಾದರೂ ಹೊಟ್ಟೆ ಹಿಡಿದುಕೊಂಡು ನಿಂತರೆ ಸಾಕು, ಕಣ್ಣಿನಲ್ಲೇ ಗೆರೆ ಎಳೆದು, ಕೊಯ್ದು, ಸರಿಮಾಡಿ, ಹೊಲಿದು, ಮುಂದಿನ ಸ್ಟಾಪಿನಲ್ಲಿ ಇಳಿಸಿಬಿಡುತ್ತಿದ್ದ.

ಅವನ ಗುರು ದೊಡ್ಡ ಮೇಡಂ. ಅವರ ಕೈ ನೋಡಲು ಬೇರೆ ಊರುಗಳಿಂದ ಡಾಕ್ಟರುಗಳು ಬಂದು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಆದರೆ ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು, ‘ಹೂಂ’. ಸರಿ ಎನ್ನುವುದಕ್ಕೂ ಹೂಂ, ಸರಿಯಿಲ್ಲ ಎನ್ನುವುದಕ್ಕೂ ಹೂಂ, ಹೋಗಿ ಊಟ ಮಾಡು ಎನ್ನುವುದಕ್ಕೂ ಅದೇ. ಬರವಣಿಗೆಯಲ್ಲಿ ಮಾತ್ರ ಅವರು ಮಹಾ ಕಟ್ಟುನಿಟ್ಟು. ಆರು ಹೊಲಿಗೆ ಹಾಕಿದ ಕಡೆ ಏಳು ಎಂದು ಬರೆದ ಒಬ್ಬ ಡಾಕ್ಟರಿಂದ ಇಡೀ ಫೈಲನ್ನು ಮೂರು ಸಲ ಬರೆಸಿದವರು. ಮಾತಾಡದ, ಸುಳ್ಳು ಬರೆಯದ ಗುರು. ಇವನೋ, ಕೇಳಲು ಬಾಯಿ ಬಾರದ ಶಿಷ್ಯ. ಕಾರ್ಡು ಬಂದ ಮೇಲೆ ಹನ್ನೊಂದು ಮಂಗಳವಾರ ಕಳೆದಿತ್ತು, ಹನ್ನೊಂದು ಸಲವೂ ಇವನು ಬರೆದದ್ದು ಕೊಕ್ಕೆಯ ವಿಚಾರವೇ. ‘ಕೊಕ್ಕೆಯನ್ನು ಅಲುಗಾಡಿಸದೆ ಹಿಡಿಯುವುದು.’ ‘ಕೊಕ್ಕೆಯನ್ನು ಎಡಗೈಯಲ್ಲೂ ಹಿಡಿಯುವುದು.’ ‘ಕೊಕ್ಕೆ ಹಿಡಿದಿರುವಾಗ ಸೀನದಿರುವುದು.’ ಎಲ್ಲಕ್ಕೂ ಮೇಡಂ ‘ಆಯಿತು’ ಎಂದು ಗುರುತು ಹಾಕಿದ್ದರು.

ಹನ್ನೆರಡನೆಯ ಮಂಗಳವಾರ ಬೆಳಿಗ್ಗೆ ಅವನ ಅಪ್ಪ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಾ ಕೇಳಿದ.

“ಇವತ್ತೇನು ಕೆಲಸ?”

ಅಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ.

“ಒಂದು ಹರ್ನಿಯಾ ಇದೆ ಅಪ್ಪ. ಹೊಟ್ಟೆ ಗೋಡೆ ಸಡಿಲ ಆಗಿ ಕರುಳು ಉಬ್ಬಿರತ್ತೆ. ಒಳಗೆ ತಳ್ಳಿ, ಜಾಲರಿ ಇಟ್ಟು ಹೊಲಿಯೋದು.”

“ಅಂದ್ರೆ ತೇಪೆ ಹಾಕೋದು.”

“ಹೆಚ್ಚುಕಡಿಮೆ ಹಾಗೇ.”

“ಅಲ್ಲ ಕಣೋ, ನಾನು ಹದಿನಾರನೇ ವಯಸ್ಸಿಗೆ ಕೆಲಸಕ್ಕೆ ಸೇರಿ ನಾಲ್ಕನೇ ತಿಂಗಳಲ್ಲಿ ಇಡೀ ಅಂಗಿ ಹೊಲ್ದೆ. ನಿಂಗೆ ಮೂರು ವರ್ಷ ಆದ್ರೂ ಒಂದು ತೇಪೆ ಕೊಟ್ಟಿಲ್ಲ ಅಂದ್ರೆ ಏನರ್ಥ? ಕೇಳಿದ್ಯೋ ಇಲ್ವೋ?”

“ಕೇಳೋಕಾಗುತ್ತಾ ಅಪ್ಪ? ಅವರಿಗೆ ಗೊತ್ತಾಗಲ್ವಾ? ನಾನು ತಯಾರಾದೆ ಅನ್ನಿಸಿದ ದಿನ ಅವರೇ ಹೇಳ್ತಾರೆ.”

“ಹೇಳ್ತಾರೆ ಹೇಳ್ತಾರೆ. ತಲೆ ನರೆತ ಮೇಲೆ ಹೇಳ್ತಾರೆ. ಆ ಕಾರ್ಡಿದೆಯಲ್ಲ, ಬಾಯಲ್ಲಿ ಆಗದಿದ್ರೆ ಅದರಲ್ಲಾದ್ರೂ ಬರಿ.”

ಅಪ್ಪನ ಮುಂದೆಯೇ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಅವನು ಬರೆದ: ‘ಇವತ್ತು ಇಡೀ ಆಪರೇಷನ್ ನಾನೇ ಮಾಡಬೇಕು.’ ಬರೆದ ಮೇಲೆ ಎದೆ ಡವಡವ ಹೊಡೆದುಕೊಂಡಿತು. ಪ್ರೇಮಪತ್ರ ಬರೆದವರಿಗೂ ಅಷ್ಟು ಆಗಿರಲಿಕ್ಕಿಲ್ಲ. ಎರಡು ಖಾಲಿ ಕಾರ್ಡುಗಳನ್ನು ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೊರಟ. ಅಲ್ಲೇ ಅವನು ಎಡವಿದ್ದು. ಒಂದೇ ಕಾರ್ಡು ಒಯ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಸಿಸ್ಟರ್ ಕೂತಿದ್ದರು. ಮೂವತ್ತು ವರ್ಷದಿಂದ ಅದೇ ಸ್ಟೂಲಿನಲ್ಲಿ ಕೂತು, ಒಳಗೆ ಹೋಗುವ ಪ್ರತಿಯೊಂದು ಕತ್ತರಿಯನ್ನೂ ಪ್ರತಿಯೊಬ್ಬ ಡಾಕ್ಟರನ್ನೂ ಎಣಿಸಿ ಬಿಡುವವರು. ಕೈ ಚಾಚಿ ಕಾರ್ಡು ಇಸಿದುಕೊಂಡು ಓದಿ, ಕನ್ನಡಕ ಹಣೆಗೇರಿಸಿದರು.

“ಡಾಕ್ಟ್ರೇ, ಇದೇನಿದು ‘ನಾನೇ’?”

“ಯಾಕೆ ಸಿಸ್ಟರ್?”

“ನೀವೇ ಮಾಡೋದಾದ್ರೆ ಮೇಡಂ ಮನೆಗೆ ಹೋಗ್ಬೇಕಾ? ಓದಿದ ತಕ್ಷಣ ಅವರಿಗೆ ಹೆಂಗನ್ನಿಸಬೇಡ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಮೂವತ್ತು ವರ್ಷದಲ್ಲಿ ‘ನಾನೇ’ ಅಂದೋರನ್ನ ಎಷ್ಟು ಜನರನ್ನ ನೋಡಿಲ್ಲ ನಾನು. ಎಲ್ಲಿದಾರೆ ಈಗ ಅವರೆಲ್ಲ?”

ಅವರೆಲ್ಲ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳಾಗಿದ್ದರು. ಆದರೆ ಅದು ಆ ಕ್ಷಣಕ್ಕೆ ನಮ್ಮ ಕೊಕ್ಕೆಗೆ ಹೊಳೆಯಲಿಲ್ಲ. ಸಿಸ್ಟರ್ ಹೇಳಿದಂತೆ ಎರಡನೆಯ ಕಾರ್ಡಿನಲ್ಲಿ ಬರೆದ: ‘ಮೇಡಂ ಅವರ ಮಾರ್ಗದರ್ಶನದಲ್ಲಿ ಆಪರೇಷನ್ನಿನ ಮುಖ್ಯ ಭಾಗವನ್ನು ಮಾಡಲು ಪ್ರಯತ್ನಿಸುವುದು.’

“ಈಗ ನೋಡಿ ಎಷ್ಟು ಲಕ್ಷಣವಾಗಿದೆ,” ಎಂದರು ಸಿಸ್ಟರ್.

ಒಳಗೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟ್ರು ಸಿಕ್ಕರು. ರೋಗಿಯ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸುವುದು ಅವರ ಕೆಲಸ. ಎಲ್ಲರಿಗೂ ಅವರು ಸೂಜಿ ಡಾಕ್ಟ್ರು. ಇನ್ನೊಬ್ಬರ ವಿಷಯದಲ್ಲಿ ಸೂಜಿ ತೂರದ ಕಡೆಯೂ ಮೂಗು ತೂರಿಸುವವರು.

“ಮುಖ್ಯ ಭಾಗ ಅಂದ್ರೆ ಯಾವುದಯ್ಯಾ?” ಎಂದರು ಕಾರ್ಡು ಓದಿ.

“ಅದೇ ಸಾರ್, ಒಳಗಿನ ಕೆಲಸ.”

“ಹಾಗಾದ್ರೆ ಉಳಿದದ್ದನ್ನೆಲ್ಲ ಮೇಡಂ ಮಾಡ್ಬೇಕು. ಮುಖ್ಯ ಅಲ್ಲದ ಕೆಲಸ ಅವರಿಗೆ, ಮುಖ್ಯವಾದದ್ದು ನಿನಗೆ. ಚೆನ್ನಾಗಿದೆ. ಇನ್ನೊಂದು ಮಾತು, ನನ್ನ ಸೂಜಿ ಕೆಲಸ ಮಾಡೋದು ಎರಡು ಗಂಟೆ. ನೀನು ಮಾರ್ಗದರ್ಶನದಲ್ಲಿ ಪ್ರಯತ್ನಿಸ್ತಾ ಕೂತ್ರೆ ನಾಲ್ಕು ಗಂಟೆ ಆಗುತ್ತೆ. ಮಧ್ಯದಲ್ಲಿ ಆ ಮನುಷ್ಯ ಎದ್ದು ಕೂತು ನೀರು ಕೊಡಿ ಅಂದ್ರೆ ಯಾರು ಜವಾಬ್ದಾರಿ?”

“ಹಾಗಾದ್ರೆ ಏನು ಬರೀಲಿ ಸಾರ್?”

“ಕೊಟ್ಟೇ ಕೊಡ್ತಾರೆ ಅನ್ನೋಂಥದ್ದು ಬರಿ. ಕೇಳಿ ಇಲ್ಲ ಅನ್ನಿಸಿಕೊಳ್ಳೋದಕ್ಕಿಂತ ಕೇಳದೆ ಇರೋದು ಮೇಲು. ಕೊನೇಲಿ ಚರ್ಮ ಹೊಲೀತೀನಿ ಅಂತ ಬರಿ. ‘ಸಾಧ್ಯವಾದರೆ’ ಅಂತ ಸೇರಿಸು. ವಿನಯ ಇರ್ಲಿ.”

ಮೂರನೆಯ, ಕೊನೆಯ ಕಾರ್ಡಿನಲ್ಲಿ ಅವನು ಬರೆದ: ‘ಸಾಧ್ಯವಾದರೆ ಕೊನೆಯಲ್ಲಿ ಚರ್ಮ ಹೊಲಿಯುವುದು.’ ಬರೆದು, ಮೊದಲೆರಡು ಕಾರ್ಡುಗಳನ್ನು ಹರಿದು ಬುಟ್ಟಿಗೆ ಹಾಕಿದ. ಹಾಕಿದ ಮೇಲೆ ಆ ಚೂರುಗಳನ್ನು ನೋಡುತ್ತಾ ಒಂದು ನಿಮಿಷ ನಿಂತ. ಬೆಳಿಗ್ಗೆ ಅಷ್ಟು ದೊಡ್ಡದಾಗಿದ್ದ ಆಸೆ ಇಬ್ಬರ ಬಾಯಿಗೆ ಸಿಕ್ಕಿ ಮೂರಿಂಚಿನ ಹೊಲಿಗೆಗೆ ಇಳಿದಿತ್ತು.

ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಎರಡನೆಯ ವರ್ಷದ ಜೂನಿಯರ್ ಹುಡುಗಿ ತನ್ನ ಕಾರ್ಡು ಬರೆಯುತ್ತಿದ್ದಳು. ಅವಳದು ಬೇರೆ ವಿಭಾಗ, ಮಾರನೆಯ ದಿನದಿಂದ ಮೇಡಂ ಕೈಕೆಳಗೆ ಬರುವವಳು.

“ನೀನು ಹೇಗಮ್ಮ ಬರೀತೀಯ ಇದನ್ನ?”

“ಮನಸ್ಸಿಗೆ ಬಂದದ್ದನ್ನ ಬರೀತೀನಿ ಸಾರ್.”

“ಯಾರಾದ್ರೂ ಏನಾದ್ರೂ ಅಂದ್ಕೊಂಡ್ರೆ?”

“ಯಾರು ಸಾರ್?” ಎಂದಳು ಹುಡುಗಿ, ನಿಜಕ್ಕೂ ಅರ್ಥವಾಗದೆ.

ಈ ಹೊತ್ತಿಗೆ ರೋಗಿಯನ್ನು ತಳ್ಳುಮಂಚದಲ್ಲಿ ತಂದರು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಊರಿನವರಿಗೆಲ್ಲ ಕಾರು ಓಡಿಸಲು ಕಲಿಸಿ, ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತೇ ಹರ್ನಿಯಾ ಬಂತೆಂದು ಅವರ ನಂಬಿಕೆ. ನಾಲ್ಕು ದಿನದಿಂದ ವಾರ್ಡಿನಲ್ಲಿ ಅವರೊಂದಿಗೆ ಕೂತು ಮಾತಾಡಿದವನು ಕೊಕ್ಕೆಯೊಬ್ಬನೇ.

“ಸಾರ್, ನೀವೇ ಮಾಡ್ತೀರಿ ತಾನೇ?”

“ಮೇಡಂ ಮಾಡ್ತಾರೆ. ನಾನು ಜೊತೇಲಿರ್ತೀನಿ.”

“ಯಾಕೆ, ನಿಮಗೆ ಇಷ್ಟ ಇಲ್ವಾ?”

ಇಷ್ಟ ಇಲ್ಲವೇ ಎಂದು ಮೂರು ವರ್ಷದಲ್ಲಿ ಅವನನ್ನು ಕೇಳಿದ ಮೊದಲನೆಯ ಮನುಷ್ಯ ಇವರು. ಕೊಕ್ಕೆ ಅವರ ಕಿವಿಯ ಹತ್ತಿರ ಬಗ್ಗಿದ. ಮೆಲ್ಲಗೆ ಹೇಳಿದ:

“ತುಂಬಾ ಇಷ್ಟ. ಆದ್ರೆ ಇದುವರೆಗೂ ಒಂದನ್ನೂ ಪೂರ್ತಿ ಮಾಡಿಲ್ಲ. ನಿಮಗೆ ಭಯ ಆಗಲ್ವಾ?”

“ಭಯ ಯಾಕೆ ಸಾರ್? ನನ್ನ ಕಾರಲ್ಲಿ ದಿನಾ ಹೊಸಬರೇ ಓಡಿಸೋದು. ನನ್ನ ಕಾಲಡಿಗೂ ಒಂದು ಬ್ರೇಕು ಇರುತ್ತೆ. ನಿಮ್ಮ ಪಕ್ಕ ಮೇಡಂ ಇರ್ತಾರಲ್ಲ, ಅವರೇ ಬ್ರೇಕು. ಆದ್ರೆ ಒಂದು ಮಾತು, ಕಲಿಯೋರು ಬಾಯಿ ಬಿಟ್ಟು ಹೇಳ್ಬೇಕು. ಇವತ್ತು ರಿವರ್ಸ್ ಕಲೀಬೇಕು ಅಂದ್ರೆ ರಿವರ್ಸ್ ಕಲಿಸ್ತೀನಿ. ಸುಮ್ನೆ ಕೂತ್ರೆ ನಾನೇ ಓಡಿಸ್ಕೊಂಡು ಮನೆಗೆ ಬಿಡ್ತೀನಿ. ಹೋಗಿ, ಕೇಳಿ.”

ಎರಡೇ ನಿಮಿಷದಲ್ಲಿ ಕೊಕ್ಕೆಗೆ ಹತ್ತಾಳಿನ ಬಲ ಬಂತು. ಕಾರ್ಡಿನಲ್ಲಿ ಏನಾದರೂ ಇರಲಿ, ಕೈ ತೊಳೆಯುವಲ್ಲಿ ಬಾಯಿಬಿಟ್ಟೇ ಕೇಳಿಬಿಡುತ್ತೇನೆ ಎಂದುಕೊಂಡು ಹೊರಟ.

ಆಪರೇಷನ್ನಿಗೆ ಮುಂಚೆ ಐದು ನಿಮಿಷ ಕೈ ತೊಳೆಯಬೇಕು. ಒಂದೇ ಉದ್ದನೆಯ ತೊಟ್ಟಿ, ಎರಡು ನಲ್ಲಿ, ಪಕ್ಕಪಕ್ಕದಲ್ಲಿ ಗುರು ಮತ್ತು ಶಿಷ್ಯ, ಎದುರಿಗೆ ಬಿಳಿ ಗೋಡೆ. ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲಿಲ್ಲ. ನಾಲ್ಕು ನಿಮಿಷ ಅವನು ಸೋಪು ಉಜ್ಜಿದ. ಕೈಯ ಚರ್ಮ ಕೆಂಪಾಯಿತು.

“ಮೇಡಂ.”

“ಹೂಂ?”

“ಇವತ್ತು…”

ಮೇಡಂ ತಿರುಗಿ ನೋಡಿದರು. ಮೂಗಿನ ಮೇಲೆ ಮುಖಗವಸು, ತಲೆಗೆ ಟೋಪಿ, ನಡುವೆ ಎರಡು ಕಣ್ಣು. ಆ ಕಣ್ಣುಗಳಲ್ಲಿ ಏನೋ ಇತ್ತು. ಸಿಟ್ಟೆಂದುಕೊಂಡ ನಮ್ಮ ಕೊಕ್ಕೆ.

“ಇವತ್ತು ನೀರು ತುಂಬಾ ತಣ್ಣಗಿದೆ ಮೇಡಂ.”

ಮೇಡಂ ಒಂದು ಕ್ಷಣ ಹಾಗೇ ನೋಡಿ, ನಲ್ಲಿಯ ಕಡೆ ತಿರುಗಿ, “ಹೂಂ,” ಎಂದರು.

ಒಳಗೆ ಸಿಸ್ಟರ್ ಮೂರನೆಯ ಕಾರ್ಡನ್ನು ಮೇಡಂ ಕಣ್ಣೆದುರು ಹಿಡಿದರು. ಮೇಡಂ ಓದಿದರು. ಇಷ್ಟುದ್ದದ ಒಂದು ಸಾಲಿಗೆ ಅಷ್ಟು ಹೊತ್ತು ಯಾಕೆ ಬೇಕಾಯಿತೋ, ಎರಡು ಸಲ ಓದಿದಂತಿತ್ತು. ಆಮೇಲೆ ಕೈ ಚಾಚಿದರು, ಸಿಸ್ಟರ್ ಚಾಕು ಕೊಟ್ಟರು.

ಚಾಕು ಚರ್ಮಕ್ಕೆ ತಾಗುವ ಮುಂಚೆ ಮೇಡಂ ಕೈ ಗಾಳಿಯಲ್ಲಿ ನಿಂತಿತು. ಅವರು ಕೊಕ್ಕೆಯ ಮುಖ ನೋಡಿದರು. ಬೆಳಕು ಸರಿಯಾಗಿ ಬೀಳುತ್ತಿಲ್ಲವೆಂದು ಕೊಕ್ಕೆಗೆ ಅನ್ನಿಸಿತು.

“ಸಿಸ್ಟರ್, ದೀಪ ಸ್ವಲ್ಪ ಈ ಕಡೆ ತಿರುಗಿಸಿ,” ಎಂದ.

ಸಿಸ್ಟರ್ ತಿರುಗಿಸಿದರು. ಮೇಡಂ ಗೀರು ಹಾಕಿದರು. ಸ್ವಲ್ಪ ಆಳಕ್ಕೆ ಹೋದ ಮೇಲೆ ಮತ್ತೆ ಕೈ ನಿಂತಿತು, ಮತ್ತೆ ಅವನ ಮುಖ ನೋಡಿದರು. ಮೂರು ವರ್ಷದಿಂದ ಮೇಡಂ ಕೈ ನಿಂತರೆ ಅದಕ್ಕೆ ಒಂದೇ ಅರ್ಥ: ಒಳಗೆ ಕಾಣುತ್ತಿಲ್ಲ, ಕೊಕ್ಕೆ ಎಳೆ. ಕೊಕ್ಕೆ ಎಳೆದ. ಮೇಡಂ ಇನ್ನೂ ನೋಡುತ್ತಲೇ ಇದ್ದರು. ಇನ್ನಷ್ಟು ಎಳೆದ.

ಸೊಂಟದಿಂದ ಕೆಳಗೆ ಮರಗಟ್ಟಿದ್ದರೂ ಮೇಷ್ಟ್ರಿಗೆ ಎಚ್ಚರವಿತ್ತು. ಎದೆಯ ಮೇಲೆ ಕಟ್ಟಿದ ಹಸಿರು ಪರದೆಯ ಆಚೆಯಿಂದ ಧ್ವನಿ ಬಂತು.

“ಯಾಕೆ ಸಾರ್ ನಿಂತ್ರಿ, ಸಿಗ್ನಲ್ಲಾ?”

“ಸುಮ್ನೆ ಮಲಗ್ರೀ,” ಎಂದರು ಅವರ ತಲೆಯ ಬಳಿ ಕೂತಿದ್ದ ಸೂಜಿ ಡಾಕ್ಟ್ರು.

“ಮಲಗೇ ಇದೀನಲ್ಲ. ಸ್ಟೇರಿಂಗ್ ಯಾರ ಕೈಲಿದೆ ಅಂತ ಕೇಳ್ದೆ ಅಷ್ಟೇ.”

ಕೆಲಸ ಮುಂದೆ ಸಾಗಿತು. ಉಬ್ಬಿದ ಕರುಳು ಒಳಗೆ ಹೋಗುವಾಗ ಮೂರನೆಯ ಸಲ ಮೇಡಂ ನಿಂತರು. ಈ ಸಲ ಕೊಕ್ಕೆ ತುದಿಗಾಲಿನಲ್ಲಿ ನಿಂತು, ಹಲ್ಲು ಕಚ್ಚಿ ಎಳೆದ. ಇಷ್ಟು ಎಳೆದರೂ ಮೇಡಂಗೆ ಸಾಲದೆ ಹೋಯಿತಲ್ಲ, ಈ ಜನ್ಮದಲ್ಲಿ ಕೊಕ್ಕೆ ಹಿಡಿಯುವುದೂ ನನಗೆ ಬರಲಿಲ್ಲವಲ್ಲ ಎಂದು ಕಣ್ಣಂಚು ಒದ್ದೆಯಾಯಿತು.

ಜಾಲರಿ ಇಟ್ಟಾಯಿತು. ಹೊಲಿಯಬೇಕು. ಸೂಜಿ ಸಿಕ್ಕಿಸಿದ ಇಕ್ಕಳವನ್ನು ಸಿಸ್ಟರ್ ಕೈಯಿಂದ ತೆಗೆದುಕೊಂಡ ಮೇಡಂ, ಅದನ್ನು ತಿರುಗಿಸಿ, ಹಿಡಿಯ ಕಡೆ ಮುಂದೆ ಮಾಡಿ, ಕೊಕ್ಕೆಯ ಎದೆಗೆ ನೇರವಾಗಿ ಚಾಚಿದರು. ಯಾವ ಕುರುಡನಿಗೂ ಅರ್ಥವಾಗುವಂತೆ ಚಾಚಿದರು. ಕೊಕ್ಕೆ ಗೌರವದಿಂದ ಅದನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಸಿಸ್ಟರ್ ಕೈಗೆ ಕೊಟ್ಟ.

“ಈ ಸೂಜಿ ಮೇಡಂಗೆ ಸರಿಹೋಗ್ತಿಲ್ಲ ಸಿಸ್ಟರ್. ಬೇರೆ ಕೊಡಿ.”

ಹುಡುಗ ಎಷ್ಟು ಸೂಕ್ಷ್ಮ ಎಂದು ಸಿಸ್ಟರ್ ಮೆಚ್ಚಿ ತಲೆಯಾಡಿಸಿದರು. ಮೇಡಂ ಕಣ್ಣು ಮುಚ್ಚಿ ತೆರೆದರು. ಬೇರೆ ಸೂಜಿಯಿಂದ ತಾವೇ ಹೊಲಿದರು.

ಕೊನೆಗೆ ಚರ್ಮ ಉಳಿಯಿತು. ಮೇಡಂ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಕಾರ್ಡಿನಲ್ಲಿ ಬರೆದದ್ದಲ್ಲವೇ, ಕೊಕ್ಕೆ ಮುಂದೆ ಬಂದ. ದರ್ಜಿಯ ಮಗ, ಏಳು ಹೊಲಿಗೆ ಹಾಕಿದ. ಒಂದರಿಂದ ಒಂದಕ್ಕೆ ಅಳೆದಿಟ್ಟಷ್ಟೇ ದೂರ, ಎಲ್ಲೂ ಸುಕ್ಕಿಲ್ಲ, ಎಲ್ಲೂ ಬಿಗಿಯಿಲ್ಲ. ಆ ಹದಿನೈದು ನಿಮಿಷ ಅವನು ಹಸಿವು, ನೀರಡಿಕೆ, ತನ್ನ ಹೆಸರು ಎಲ್ಲವನ್ನೂ ಮರೆತಿದ್ದ. ಕೊನೆಯ ಗಂಟು ಬಿಗಿದಾಗ ಇಷ್ಟು ಬೇಗ ಮುಗಿದುಹೋಯಿತೇ ಎನ್ನಿಸಿತು. ಮೇಡಂ ಬಗ್ಗಿ ಹೊಲಿಗೆಯನ್ನು ಬಹಳ ಹೊತ್ತು ನೋಡಿದರು.

“ಹೂಂ,” ಎಂದರು. ಆ ಹೂಂ ಅವನು ಹಿಂದೆ ಕೇಳಿದ್ದಲ್ಲ. ಹೊರಗೆ ಬಂದು ಕೈಗವಸು ಕಳಚಿ, ಕಾರ್ಡಿನಲ್ಲಿ ‘ಆಯಿತು’ ಎಂದು ಗುರುತು ಹಾಕಿ, ಸಹಿ ಮಾಡಿ ಹೋದರು.

“ನೋಡಿದ್ರಾ, ನಾ ಹೇಳ್ದಂಗೆ ಬರೆದಿದ್ದಕ್ಕೆ ಎಷ್ಟು ಸಲೀಸಾಯ್ತು,” ಎಂದರು ಸಿಸ್ಟರ್.

“ಸಾಧ್ಯವಾದರೆ ಅಂತ ಸೇರಿಸಿದ್ದು ನಾನು,” ಎಂದರು ಸೂಜಿ ಡಾಕ್ಟ್ರು.

ಬಟ್ಟೆ ಬದಲಾಯಿಸಿ ಹೊರಬರುವಷ್ಟರಲ್ಲಿ ಕಚೇರಿಯ ಗುಮಾಸ್ತ ಹಲ್ಲು ಕಿರಿಯುತ್ತಾ ನಿಂತಿದ್ದ. ಕೈಯಲ್ಲೊಂದು ಆದೇಶದ ಕಾಗದ.

“ಅಭಿನಂದನೆ ಸಾರ್. ಈಗಷ್ಟೇ ಸಿಸ್ಟರ್ ಕಾರ್ಡು ತಂದುಕೊಟ್ರು. ಹನ್ನೆರಡಕ್ಕೆ ಹನ್ನೆರಡೂ ‘ಆಯಿತು’. ಇಡೀ ಆಸ್ಪತ್ರೇಲಿ ನೀವೊಬ್ರೇ.”

“ಅದಕ್ಕೇನೀಗ?”

ಗುಮಾಸ್ತ ಕಾರ್ಡು ಮಗುಚಿ ಹಿಂಭಾಗದ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದ. “ಏಳನೇ ನಿಯಮ ನೋಡಿ. ಸತತವಾಗಿ ಹನ್ನೆರಡು ಗುರಿ ಮುಟ್ಟಿದವರಿಗೆ ಈ ವಿಭಾಗದಲ್ಲಿ ಕಲಿಯೋದು ಏನೂ ಉಳಿದಿಲ್ಲ ಅಂತ ಲೆಕ್ಕ. ಮಾರನೇ ದಿನಾನೇ ಮುಂದಿನ ವಿಭಾಗಕ್ಕೆ. ನಾಳೆಯಿಂದ ನೀವು ಮೇಲಿನ ಮಹಡಿ.”

ಕೊಕ್ಕೆ ಆ ಸಾಲನ್ನು ಇನ್ನೊಮ್ಮೆ ಓದಿದ. “ಒಂದಾದ್ರೂ ಆಗದೇ ಇದ್ದಿದ್ರೆ?”

“ಇಲ್ಲೇ ಇರ್ತಿದ್ರಿ ಸಾರ್, ಆಗೋವರೆಗೂ. ಬಿಡಿ, ಮೇಲಿನ ಮಹಡಿಯವರು ನಿಮಗೋಸ್ಕರ ಕಾಯ್ತಿದಾರೆ. ಅವರದ್ದು ಎಂಟೆಂಟು ಗಂಟೆ ಆಪರೇಷನ್ನು. ಕೊಕ್ಕೆ ಹಿಡಿಯೋಕೆ ಯಾರೂ ನಿಲ್ತಾ ಇರ್ಲಿಲ್ವಂತೆ. ನಿಮ್ಮ ಕಾರ್ಡುಗಳನ್ನ ನೋಡಿ ಕಣ್ಣಿಗೊತ್ತಿಕೊಂಡ್ರು. ಅದರಲ್ಲೂ ಆ ಸೀನದೇ ಇರೋದು.”

ಆದೇಶವನ್ನೂ ಆ ಹಳದಿ ಕಾರ್ಡನ್ನೂ ಹಿಡಿದುಕೊಂಡು ಅವನು ಒಂದೇ ಉಸಿರಿಗೆ ಮೇಡಂ ಕೋಣೆಗೆ ಬಂದ. ಮೇಡಂ ಮೇಜಿನ ಮೇಲೆ ನೀಲಿ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದರು. ಕಲಿಸುವವರಿಗೂ ಕಾರ್ಡುಂಟು, ಅವರೂ ಗುರಿ ಬರೆದು ತಾವೇ ಗುರುತು ಹಾಕಿಕೊಳ್ಳಬೇಕು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಹನ್ನೆರಡು ಕಾರ್ಡು. ಹನ್ನೆರಡರಲ್ಲೂ ಮುತ್ತಿನಂಥ ಅಕ್ಷರದಲ್ಲಿ ಒಂದೇ ಸಾಲು: ‘ಇವತ್ತು ಇವನು ಕೇಳಿದರೆ ಇಡೀ ಆಪರೇಷನ್ ಇವನ ಕೈಗೆ ಕೊಡುವುದು.’ ಹನ್ನೆರಡಕ್ಕೂ ‘ಆಗಲಿಲ್ಲ’ ಎಂಬ ಗುರುತು.

ಕೊಕ್ಕೆ ಹನ್ನೆರಡನ್ನೂ ನಿಂತೇ ಓದಿದ.

“ಕೂತ್ಕೊ,” ಎಂದರು ಮೇಡಂ. ಮಾತು! ಅವನು ಕೂತ. “ನಾನು ಕಲಿಯೋವಾಗ ನನ್ನ ಗುರುಗಳು ಒಂದು ದಿನ ನಾನು ಕೇಳದೆನೇ ಚಾಕು ಕೈಗೆ ಕೊಟ್ಟುಬಿಟ್ರು. ಕೈ ಗಡಗಡ ನಡುಗಿತು. ರೋಗಿಗೆ ಏನೂ ಆಗ್ಲಿಲ್ಲ. ಆದ್ರೆ ಆರು ತಿಂಗಳು ನಾನು ಚಾಕು ಮುಟ್ಟಲಿಲ್ಲ. ಕೇಳೋವರೆಗೂ ಯಾರ ಕೈಗೂ ಕೊಡಬಾರದು ಅಂತ ಅವತ್ತೇ ಅಂದ್ಕೊಂಡೆ. ಕೇಳೋಕೆ ಬಂದವನಿಗೆ ಮಾಡೋಕೂ ಬಂದಿರುತ್ತೆ. ನೀನು ಕೇಳ್ಲೇ ಇಲ್ಲ. ಇವತ್ತು ಮೂರು ಸಲ ಕೈ ನಿಲ್ಲಿಸಿದೆ.”

“ಒಳಗೆ ಕಾಣ್ತಿಲ್ಲ ಅಂದ್ಕೊಂಡೆ ಮೇಡಂ.”

“ಕೊನೆಗೆ ನನ್ನ ನಿಯಮ ಮುರಿದು ಸೂಜೀನೂ ಕೊಟ್ಟೆ.”

“ಸರಿಯಿಲ್ಲ ಅಂದ್ಕೊಂಡೆ.”

ಮೂರು ವರ್ಷ ಇವರು ಹೇಳಲಿ ಎಂದು ಇವನು ಕಾದಿದ್ದ, ಇವನು ಕೇಳಲಿ ಎಂದು ಇವರು ಕಾದಿದ್ದರು. ಅವನಿಗೆ ಅಳು ಬಂತು, ನಗುವೂ ಬಂತು. ಕೊನೆಗೂ ನಾಲಿಗೆ ಹೊರಳಿತು.

“ಈಗ ಕೇಳ್ತಿದೀನಿ ಮೇಡಂ. ನಂಗೆ ಒಂದು ಇಡೀ ಆಪರೇಷನ್ ಮಾಡ್ಬೇಕು. ಮೊದಲಿಂದ ಕೊನೇವರೆಗೆ. ತುಂಬಾ ಆಸೆ ಇದೆ.”

“ಮುಂದಿನ ಮಂಗಳವಾರ ಕೊಡ್ತೀನಿ.”

ಅವನು ಮೆಲ್ಲಗೆ ಆದೇಶದ ಕಾಗದವನ್ನೂ ಹಳದಿ ಕಾರ್ಡನ್ನೂ ಮುಂದೆ ತಳ್ಳಿದ. ಮೇಡಂ ಓದಿದರು. ಕಾರ್ಡು ಮಗುಚಿ ಏಳನೆಯ ನಿಯಮವನ್ನೂ ಓದಿದರು. ಮುಖ ಸಪ್ಪಗಾಯಿತು.

“ಒಂದೇ ದಾರಿ ಇದೆ ಮೇಡಂ,” ಎಂದ ಅವನು. “ಇವತ್ತಿನ ಕಾರ್ಡಲ್ಲಿ ‘ಆಗಲಿಲ್ಲ’ ಅಂತ ತಿದ್ದಿಬಿಡಿ. ನಾನು ಇಲ್ಲೇ ಉಳ್ಕೋತೀನಿ.”

ಮೇಡಂ ಪೆನ್ನು ತೆಗೆದುಕೊಂಡರು. ಮುಚ್ಚಳ ತೆಗೆದರು. ಕಾರ್ಡಿನ ಮೇಲೆ ಇಟ್ಟರು. ಪೆನ್ನು ಅಲ್ಲೇ ನಿಂತಿತು. ಕೊಕ್ಕೆ ಈ ಸಲ ಏನನ್ನೂ ಎಳೆಯದೆ ಕಾದ.

“ಹೆಂಗಪ್ಪಾ ಬರೀಲಿ?” ಎಂದರು ಮೇಡಂ ಕೊನೆಗೆ. “ಆ ಏಳು ಹೊಲಿಗೇನ ನಾನು ಕಣ್ಣಾರೆ ನೋಡಿದೀನಿ. ಅಷ್ಟು ಚೆಂದದ ಹೊಲಿಗೆ ಈ ಆಸ್ಪತ್ರೇಲಿ ಇನ್ಯಾರೂ ಹಾಕಿಲ್ಲ, ನಾನೂ ಹಾಕಿಲ್ಲ. ಅದನ್ನ ಆಗಲಿಲ್ಲ ಅಂತ ಬರೆದ್ರೆ ನಾಳೆ ಕನ್ನಡೀಲಿ ಮುಖ ನೋಡ್ಕೊಳ್ಳೋಕಾಗುತ್ತಾ ನಂಗೆ?”

ಮೂರು ವರ್ಷ ಒಂದು ಮೆಚ್ಚುಗೆಗಾಗಿ ಕಾದವನಿಗೆ ಅದು ಇಂಥ ಹೊತ್ತಿನಲ್ಲಿ ಸಿಕ್ಕಿತು. ಅವನು ಥ್ಯಾಂಕ್ಸ್ ಹೇಳಿ ಎದ್ದು ನಿಂತ.

ಬಾಗಿಲು ಸದ್ದಾಯಿತು. ಜೂನಿಯರ್ ಹುಡುಗಿ ತಲೆ ಒಳಗೆ ಹಾಕಿದಳು.

“ಬರಬಹುದಾ ಮೇಡಂ? ನಾಳೆಯಿಂದ ನಾನು ನಿಮ್ಮ ವಿಭಾಗಕ್ಕೆ. ಮುಂದಿನ ಮಂಗಳವಾರ ಇನ್ನೊಂದು ಹರ್ನಿಯಾ ಇದೆಯಂತೆ. ಕಾರ್ಡು ಈಗಲೇ ಬರೆದಿದೀನಿ.”

ಮೇಡಂ ತೆಗೆದುಕೊಂಡು ಓದಿದರು. ಕೊಕ್ಕೆಗೂ ಓದಲು ಕಷ್ಟವಾಗಲಿಲ್ಲ, ಅಕ್ಷರಗಳು ಅಷ್ಟು ದೊಡ್ಡದಾಗಿದ್ದವು: ‘ಇಡೀ ಆಪರೇಷನ್ ನಾನೇ ಮಾಡಬೇಕು.’

ಮೇಡಂ ಅವಳನ್ನು ನೋಡಿದರು, ಹನ್ನೆರಡು ನೀಲಿ ಕಾರ್ಡುಗಳನ್ನು ನೋಡಿದರು. ಮಾತು ಬಾಯಿಗೆ ಆಗಷ್ಟೇ ರೂಢಿಯಾಗಿತ್ತು. ತಾಯಿ ಮಗುವಿಗೆ ಹೇಳುವಂತೆ, ಒಂದೊಂದೇ ಪದ ಬಿಡಿಸಿ ಹೇಳಿದರು.

“ಸರಿ. ಇಡೀ ಆಪರೇಷನ್ ನೀನೇ ಮಾಡು. ನಾನು ಎದುರಿಗೆ ನಿಂತಿರ್ತೀನಿ.”

ಇದೇ ಮಾತನ್ನು, ಇದೇ ಧ್ವನಿಯಲ್ಲಿ, ಅವನು ಬಸ್ಸಿನಲ್ಲಿ, ಊಟದ ಮುಂದೆ, ನಿದ್ದೆಯಲ್ಲಿ ಸಾವಿರ ಸಲ ಕೇಳಿಸಿಕೊಂಡಿದ್ದ. ಸಾವಿರ ಸಲವೂ ಅದಕ್ಕೆ ತಾನು ಕೊಡುವ ಉತ್ತರವನ್ನು ಹೇಳಿಕೊಂಡಿದ್ದ. ಹುಡುಗಿ ಬಾಯಿ ತೆರೆಯುವ ಮುಂಚೆಯೇ ಆ ಉತ್ತರ ಅವನ ಬಾಯಿಂದ ತಾನಾಗಿ ಹೊರಟುಹೋಯಿತು.

“ಆಗಲಿ ಮೇಡಂ. ಚೆನ್ನಾಗಿ ಮಾಡ್ತೀನಿ.”

ಇಬ್ಬರೂ ತಿರುಗಿ ಅವನ ಮುಖ ನೋಡಿದರು.